ಭರಮಪ್ಪ ನುಂಗಿದ ಮಾತು

ಪೀಣ್ಯದ ಕಾರ್ಖಾನೆಗಳಲ್ಲಿ ಮನುಷ್ಯನಿಗೆ ಬರುವ ಕಾಯಿಲೆ ಎರಡೇ ಎರಡು. ಒಂದು ಹೀಟು, ಇನ್ನೊಂದು ಗ್ಯಾಸು. ಕಣ್ಣು ಉರಿದರೆ, ಮೂಗಿನಲ್ಲಿ ರಕ್ತ ಬಂದರೆ, ಬಾಯಿ ಹುಣ್ಣಾದರೆ ಅದು ಹೀಟು. ಉಳಿದದ್ದೆಲ್ಲ ಗ್ಯಾಸು. ಬೆನ್ನು ಹಿಡಿದರೆ ಗ್ಯಾಸು, ತಲೆ ತಿರುಗಿದರೆ ಗ್ಯಾಸು, ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಎದೆ ಬಿಗಿದರೂ ಗ್ಯಾಸೇ. ಒಂದು ಸೋಡಾ ಕುಡಿದು, ಜೋರಾಗಿ ತೇಗಿ, ಮತ್ತೆ ಮೆಷಿನ್ನಿನ ಮುಂದೆ ಹೋಗಿ ನಿಲ್ಲುವುದು ಅಲ್ಲಿಯ ಪದ್ಧತಿ. ಭರಮಪ್ಪ ಹನ್ನೆರಡು ವರ್ಷ ಆ ಪದ್ಧತಿಯಲ್ಲೇ ಪಳಗಿದವನು. ಗ್ಯಾಸು ಎಂಬ ಆ ಒಂದು ಪದವನ್ನು ಅವನು ಭೂಮಿಯ ತುದಿಯವರೆಗೂ ಹೊತ್ತುಕೊಂಡು ಹೋದ.

ಅವನು ರಾಣೆಬೆನ್ನೂರಿನ ಕಡೆಯವನು. ಐಟಿಐ ಮುಗಿಸಿ ಬಂದು, ಡೀಸೆಲ್ ಜನರೇಟರ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಸೇರಿದ್ದ. ಬಾಗಲಗುಂಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮಹಾದೇವಿ ಎಂಬ ಹೆಂಡತಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಗ್ರೀಸು. ಇಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಾನೆ ಎಂದು ಕಾರ್ಖಾನೆಯ ಶಾಪಿನಲ್ಲಿ ಹೆಸರಿತ್ತು. ಆ ಹೆಸರನ್ನು ಶಾಪಿನವರಿಗಿಂತ ಅವನೇ ಸ್ವಲ್ಪ ಜಾಸ್ತಿ ನಂಬಿದ್ದ.

1993ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟಿದ್ದ ಸಂಶೋಧಕರ ತಂಡವೊಂದು ಆ ಕಾರ್ಖಾನೆಯಿಂದ ಮೂರು ಜನರೇಟರ್ ಕೊಂಡಿತು. ಜೊತೆಗೊಂದು ಷರತ್ತು ಹಾಕಿತು. ಯಂತ್ರದೊಂದಿಗೆ ಮೆಕ್ಯಾನಿಕ್ಕೂ ಬರಬೇಕು, ಒಂದು ಇಡೀ ಚಳಿಗಾಲ ಅಲ್ಲೇ ಇರಬೇಕು, ಹೋಗಿ ಬರುವುದೂ ಸೇರಿ ಹದಿನಾರು ತಿಂಗಳು. ಯಾರು ಹೋಗುತ್ತೀರಿ ಎಂದು ಮ್ಯಾನೇಜರ್ ಕೇಳಿದಾಗ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಭರಮಪ್ಪ ಎರಡು ವರ್ಷ ನಾಗಪುರದಲ್ಲಿ ಸರ್ವಿಸ್ ಕೆಲಸ ಮಾಡಿದವನು, ಹಿಂದಿ ಬರುತ್ತಿತ್ತು. ಮಕ್ಕಳಿರಲಿಲ್ಲ. ಅವನೇ ಹೂಂ ಅಂದ.

"ಹದಿನಾರು ತಿಂಗಳೇನ್ರೀ?" ಎಂದು ಮಹಾದೇವಿ ಮೂರು ಸಲ ಕೇಳಿದಳು.

"ನಮ್ಮ ಮಷಿನ್ ನಿಂತ್ರ ಅಲ್ಲಿ ಎಲ್ಲಾರೂ ಸೆಟದು ಸಾಯ್ತಾರ. ಕೆಟ್ಟದ್ದನ್ನ ಸರಿ ಮಾಡಾವ ಒಬ್ಬನಾದ್ರೂ ಬೇಕಲ್ಲ," ಅಂದ. ಅದರಲ್ಲಿ ಸ್ವಲ್ಪ ಜಂಬವಿತ್ತು, ಆದರೆ ಸುಳ್ಳಿರಲಿಲ್ಲ.

ಆ ಡಿಸೆಂಬರಿನಲ್ಲಿ ಗೋವಾದಿಂದ ಹಡಗು ಹೊರಟ ಮೂರನೆಯ ದಿನ, ಸಮುದ್ರ ಕುದಿಯುತ್ತಿದ್ದಾಗ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ ಕಂಬಿ ಹಿಡಿದು ನಿಂತಿದ್ದ ಭರಮಪ್ಪ "ಯಪ್ಪಾ ಶಿವನಽ" ಎಂದು ನರಳಿದ. ಪಕ್ಕದಲ್ಲಿ ಅದೇ ಕೆಲಸ ಮಾಡುತ್ತಿದ್ದ ದಪ್ಪ ಮೀಸೆಯವನೊಬ್ಬ ತಲೆ ಎತ್ತಿದ.

"ಕನ್ನಡದೋರಾ? ಬದುಕ್ದೆ ಬಿಡಣ್ಣ!"

ಅವನು ಮುನಿಯಣ್ಣ. ಪಟ್ಟಂದೂರು ಅಗ್ರಹಾರದವನು, ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಕ್ಕೆ ಆರುನೂರು ಜನಕ್ಕೆ ಬೇಯಿಸಿದವನು, ಈಗ ತಂಡದ ಅಡುಗೆಯವನಾಗಿ ಬಂದಿದ್ದ. ನಲವತ್ತಾರು ವರ್ಷ. ಹಿಂದಿಯಲ್ಲಿ ಆವೋ, ಜಾವೋ, ಖಾವೋ ಬಿಟ್ಟರೆ ಬೇರೇನೂ ಬರದು. ಚಳಿಗಾಲಕ್ಕೆ ಉಳಿಯಬೇಕಾದ ಇಪ್ಪತ್ತಮೂರು ಜನರಲ್ಲಿ ಕನ್ನಡದವರು ಇವರಿಬ್ಬರೇ.

ಇಬ್ಬರ ಕನ್ನಡವೂ ಸರಿಯಾಗಿ ಕೂಡಿಬರುತ್ತಿತ್ತು ಎಂದೇನಲ್ಲ. "ನಿಮ್ದು ಅದೇನ್ ಬಾಸೆ ಅಣ್ಣ, ಒಳ್ಳೇ ಮಾತಾಡುದ್ರೂವೆ ಬೈದಂಗಿರ್ತದೆ," ಎನ್ನುತ್ತಿದ್ದ ಮುನಿಯಣ್ಣ. "ನಿಂದರಾಗ ಅರ್ಧ ಅಕ್ಷರ ನೀನಽ ತಿಂದು ಉಳಿದದ್ದು ನಮಗ ಬಡಸ್ತಿ," ಎನ್ನುತ್ತಿದ್ದ ಭರಮಪ್ಪ. ರೊಟ್ಟಿ ಹೆಚ್ಚೋ ಮುದ್ದೆ ಹೆಚ್ಚೋ ಎಂಬ ವಾದ ಹಡಗಿನಲ್ಲಿ ಶುರುವಾದದ್ದು ಮಂಜಿನ ಮೇಲೆ ಇಳಿದ ಮೇಲೂ ಮುಗಿಯಲಿಲ್ಲ. ಆದರೆ ಇಪ್ಪತ್ತೆರಡು ಜನಕ್ಕೆ ಮಾಂಸ ಬೇಯುತ್ತಿದ್ದ ಆ ಅಡುಗೆಮನೆಯಲ್ಲಿ ಮುನಿಯಣ್ಣ ಭರಮಪ್ಪನಿಗೆಂದು ಒಂದು ಪಾತ್ರೆ, ಒಂದು ಸೌಟು ಬೇರೆಯೇ ಇಟ್ಟಿದ್ದ. ಯಾರಾದರೂ ಮುಟ್ಟಿದರೆ ಕನ್ನಡದಲ್ಲಿ ಬೈಯುತ್ತಿದ್ದ. ಭರಮಪ್ಪ ಅದನ್ನು ಕೇಳಿರಲಿಲ್ಲ, ಅವನಾಗಿಯೇ ಮಾಡಿದ್ದು.

ಮಾರ್ಚಿಯಲ್ಲಿ ಹಡಗು ವಾಪಸು ಹೋಯಿತು. ಇನ್ನು ಡಿಸೆಂಬರಿನ ತನಕ ಅಲ್ಲಿಗೆ ಯಾರೂ ಬರುವಂತಿಲ್ಲ, ಅಲ್ಲಿಂದ ಯಾರೂ ಹೋಗುವಂತಿಲ್ಲ. ಮೇ ತಿಂಗಳ ಕೊನೆಗೆ ಸೂರ್ಯನೂ ಹೋದ. ಮಧ್ಯಾಹ್ನ ಎರಡು ಗಂಟೆಗೂ ಕಗ್ಗತ್ತಲೆ. ಗಾಳಿ ಎದ್ದರೆ ನಾಲ್ಕು ದಿನ, ಐದು ದಿನ ನಿಲ್ಲುತ್ತಿರಲಿಲ್ಲ. ಮಲಗುವ ಕೋಣೆಯಿಂದ ಜನರೇಟರ್ ಶೆಡ್ಡಿಗೆ ಅರವತ್ತು ಹೆಜ್ಜೆ, ಅಷ್ಟಕ್ಕೂ ಹಗ್ಗ ಹಿಡಿದೇ ಹೋಗಬೇಕು. ಒಬ್ಬ ವಿಜ್ಞಾನಿಯ ಎರಡು ಕಾಲ್ಬೆರಳು ಹಿಮಕ್ಕೆ ಸಿಕ್ಕಿ ಕಪ್ಪಾದವು. ವೈರ್‌ಲೆಸ್ಸಿನವನಿಗೆ ಇಪ್ಪತ್ತು ದಿನ ನಿದ್ದೆ ಬರಲಿಲ್ಲ, ಆಮೇಲೆ ಮಾತೂ ನಿಂತಿತು. ತರಕಾರಿ ಮುಗಿದು ಎಷ್ಟೋ ದಿನವಾಗಿತ್ತು, ಹಲ್ಲುಜ್ಜಿದರೆ ಒಸಡಿನಿಂದ ರಕ್ತ. ಜನ ಸಣ್ಣ ಸಣ್ಣ ವಿಷಯಕ್ಕೆ, ಚಮಚ ಬಿದ್ದ ಸದ್ದಿಗೆ, ಹೊಡೆದಾಟಕ್ಕೆ ಏಳುತ್ತಿದ್ದರು. ಭರಮಪ್ಪನೂ ಮುನಿಯಣ್ಣನೂ ದಿನಾ ಸಂಜೆ ಒಲೆಯ ಪಕ್ಕ ಕೂತು ಕನ್ನಡದಲ್ಲಿ ಜಗಳವಾಡಿಯೇ ತಲೆ ಕೆಡದಂತೆ ಉಳಿದರು.

ಜೂನ್ ಎರಡನೆಯ ವಾರದಲ್ಲಿ ಒಂದು ದಿನ ಭರಮಪ್ಪ ಎರಡನೆಯ ಜನರೇಟರ್ ಬಿಚ್ಚಿ ಕೂತಿದ್ದ. ಆಯಿಲ್ ಸೀಲು ಹೋಗಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಡಾಕ್ಟರು ಕರೆಯುತ್ತಿದ್ದಾರೆ ಎಂದು ಒಬ್ಬ ಓಡಿ ಬಂದ. ಪುಣೆಯ ಡಾಕ್ಟರು, ಒಳ್ಳೆಯ ಮನುಷ್ಯ, ಕನ್ನಡದ ಒಂದಕ್ಷರ ತಿಳಿಯದು. ಮುನಿಯಣ್ಣನಿಗೆ ಏನಾದರೂ ಆದರೆ ಭರಮಪ್ಪನೇ ನಡುವೆ ನಿಂತು ಮಾತು ದಾಟಿಸಬೇಕಾಗಿತ್ತು. ಹೋಗಿ ನೋಡಿದರೆ ಮುನಿಯಣ್ಣ ಬೆಂಚಿನ ಮೇಲೆ ಬೆವತು ಕೂತಿದ್ದ.

"ಏನಾತೋ?"

"ಅದೇನೋ ಎದೆ ಮ್ಯಾಗೆ ಯಾರೋ ಕುಂತಂಗಾಯ್ತದೆ ಕಣಣ್ಣ. ಈ ಎಡಗೈ ಬ್ಯಾರೆ ಸೆಳೀತದೆ, ಕಿರುಬೆಳ್ಳಿನ ಗಂಟ. ಗ್ಯಾಸೇ ಇರ್ಬೇಕು."

"ಏನಂತೆ?" ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು.

"ಗ್ಯಾಸ್, ಸಾಬ್."

"ನೋವು ಬೇರೆ ಕಡೆ ಹರಡುತ್ತದಾ? ಕೈಗೆ, ದವಡೆಗೆ? ಕೇಳಿ ಹೇಳು."

ಭರಮಪ್ಪ ಕೇಳಲಿಲ್ಲ. ಕೇಳುವುದೇನಿತ್ತು, ಆಗಲೇ ಕೇಳಿಸಿಕೊಂಡಿದ್ದ. ಮುನಿಯಣ್ಣ ಎಡಚ, ಬೆಳಿಗ್ಗೆ ಎದ್ದರೆ ಇಪ್ಪತ್ತಮೂರು ಜನರ ಚಪಾತಿ ಹಿಟ್ಟನ್ನು ಎಡಗೈಯಲ್ಲೇ ನಾದುವವನು. ಕೈ ಸೆಳೆಯದೆ ಇನ್ನೇನಾಗುತ್ತದೆ? ಈಗ ಕೈ ನೋವು ಎಂದರೆ ಡಾಕ್ಟರು ಇನ್ನೂ ಹತ್ತು ಪ್ರಶ್ನೆ ಹಾಕುತ್ತಾರೆ, ಅಲ್ಲಿ ಎಣ್ಣೆ ಸುರಿದು ಹೋಗುತ್ತಿದೆ. ಸದ್ದು ಕೇಳಿಯೇ ರೋಗ ಹೇಳುವ ಭರಮಪ್ಪ ಇದನ್ನೂ ಹೇಳಿಬಿಟ್ಟ.

"ಇಲ್ಲ ಸಾಬ್. ಬರೀ ಗ್ಯಾಸ್."

ಮುನಿಯಣ್ಣ ಇವರ ಮುಖ ಅವರ ಮುಖ ನೋಡುತ್ತ, ತನ್ನ ವಿಷಯ ಸರಿಯಾಗಿ ತಲುಪುತ್ತಿದೆ ಎಂಬ ನೆಮ್ಮದಿಯಲ್ಲಿ ತಲೆ ಆಡಿಸಿದ. ಡಾಕ್ಟರಿಗೂ ಆವತ್ತು ಪಕ್ಕದ ಮಂಚದಲ್ಲಿ ಕಪ್ಪಾದ ಕಾಲ್ಬೆರಳಿನ ಚಿಂತೆ. ಎರಡು ಥರದ ಮಾತ್ರೆ ಕೊಟ್ಟು, ಮತ್ತೆ ಬಂದರೆ ಹೇಳು ಎಂದು ಕಳಿಸಿದರು. ಮುನಿಯಣ್ಣ ಮಾತ್ರೆ ನುಂಗಿ, ತೇಗಿ, ಅಡುಗೆಮನೆಗೆ ಹೋದ. ಭರಮಪ್ಪ ಶೆಡ್ಡಿಗೆ ಹೋಗಿ ಸಂಜೆಯೊಳಗೆ ಸೀಲು ಕೂರಿಸಿದ.

ಒಂಬತ್ತು ದಿನ ಮುನಿಯಣ್ಣ ಹಿಟ್ಟಿನ ಮೂಟೆ ಎತ್ತಿದ, ನೀರು ಕಾಯಿಸಲು ಮಂಜುಗಡ್ಡೆ ಒಡೆದು ಹೊತ್ತ, ಮೂರು ಹೊತ್ತೂ ಬೇಯಿಸಿದ. ಹತ್ತನೆಯ ದಿನ ಕೈಯಲ್ಲಿ ಸೌಟು ಹಿಡಿದುಕೊಂಡೇ ಕೆಳಗೆ ಕುಸಿದ.

ಈ ಸಲ ಡಾಕ್ಟರು ಯಾರನ್ನೂ ಕೇಳಲಿಲ್ಲ, ನೇರ ಇಸಿಜಿ ತೆಗೆದರು. ಉದ್ದನೆಯ ಕಾಗದವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಭರಮಪ್ಪನನ್ನು ಬಾಗಿಲ ಹತ್ತಿರ ಕರೆದು, ಇದು ಹೃದಯಕ್ಕೆ ಬಿದ್ದ ಎರಡನೆಯ ಏಟು, ಮೊದಲನೆಯದು ಅವತ್ತೇ ಆಗಿದೆ ಎಂದರು. ಅವತ್ತೇ ಮಲಗಿಸಿ, ಅಲುಗಾಡದಂತೆ ಇಟ್ಟು ಔಷಧಿ ಕೊಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದರು.

"ಅವತ್ತು ಕೈ ನೋವು ಇರಲಿಲ್ಲ ಎಂದೆಯಲ್ಲ? ನಿಜವಾಗಿ ಇರಲಿಲ್ಲವಾ?"

ನಿಜ ಹೇಳಲು ಅದೇ ಸಮಯ. ಡಾಕ್ಟರ ಕಣ್ಣಿನಲ್ಲಿ ಸಿಟ್ಟೂ ಇರಲಿಲ್ಲ.

"ಇರಲಿಲ್ಲ, ಸಾಬ್."

ಕೆಲವರಿಗೆ ಹಾಗೂ ಆಗುತ್ತದೆ ಎಂದು ಡಾಕ್ಟರು ತಮ್ಮಷ್ಟಕ್ಕೇ ಹೇಳಿಕೊಂಡರು. ಮೊದಲ ಸಲ ಆಡಿದ ಮಾತನ್ನು ತಪ್ಪು ಎನ್ನಬಹುದು, ಅವಸರ ಎನ್ನಬಹುದು, ಪೀಣ್ಯದ ಅಭ್ಯಾಸ ಎನ್ನಬಹುದು. ಎರಡನೆಯ ಸಲ ಆಡಿದ್ದಕ್ಕೆ ಅಂಥ ಹೆಸರು ಯಾವುದೂ ಸಿಗುವುದಿಲ್ಲ. ಅದು ಭರಮಪ್ಪನಿಗೂ ಗೊತ್ತಿತ್ತು.

ಮುಂದಿನ ನಲವತ್ತೊಂದು ದಿನ ಅವನು ಮುನಿಯಣ್ಣನನ್ನು ನೋಡಿಕೊಂಡ ರೀತಿಯನ್ನು ಶಿಬಿರದವರೆಲ್ಲ ಕಣ್ಣರಳಿಸಿ ನೋಡಿದರು. ಶೆಡ್ಡಿನ ಕೆಲಸ ಮುಗಿಸಿ ಬಂದು ಮೈ ಒರೆಸುತ್ತಿದ್ದ, ಬೆಡ್‌ಪ್ಯಾನ್ ಎತ್ತುತ್ತಿದ್ದ, ಗಡ್ಡ ಹೆರೆಯುತ್ತಿದ್ದ. ಮುನಿಯಣ್ಣ ಊರಿನಿಂದ ತಂದಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಕಲಿತ. ಗಂಟು ಗಂಟಾಗುತ್ತಿತ್ತು. "ನಿಮ್ ಸೀಮೇಲಿ ಇದ್ನೂ ಮುದ್ದೆ ಅಂತಾರಾ?" ಎಂದು ನಗಲು ಹೋಗಿ ಮುನಿಯಣ್ಣ ಏದುಸಿರು ಬಿಡುತ್ತಿದ್ದ. ಎಲ್ಲರೂ ಅದನ್ನು ಸ್ನೇಹ ಎಂದುಕೊಂಡರು. ಸ್ನೇಹವೂ ಇತ್ತು. ಆದರೆ ಪ್ರತಿ ತುತ್ತು ಕೊಡುವಾಗಲೂ ಭರಮಪ್ಪ, ಇವತ್ತು ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಊಟವಾದ ಮೇಲೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದ.

ಉಪಗ್ರಹದ ಫೋನಿನಲ್ಲಿ ತಿಂಗಳಿಗೆ ಒಬ್ಬೊಬ್ಬರಿಗೆ ಮೂರು ನಿಮಿಷ ಮಾತು. ಪಟ್ಟಂದೂರು ಅಗ್ರಹಾರದಲ್ಲಿ ದಿನಸಿ ಅಂಗಡಿಗೊಂದು ಫೋನಿತ್ತು, ಮುನಿಯಣ್ಣನ ಹೆಂಡತಿ ಬಸಕ್ಕ ಹೇಳಿದ ಹೊತ್ತಿಗೆ ಅಲ್ಲಿ ಬಂದು ನಿಲ್ಲುತ್ತಿದ್ದಳು. ಜುಲೈನಲ್ಲಿ ಭರಮಪ್ಪ ರಿಸೀವರನ್ನು ಮುನಿಯಣ್ಣನ ಕಿವಿಗೆ ಹಿಡಿದು ನಿಂತ.

"ನಂಗೇನೂ ಇಲ್ಲ ಕಣೇ. ವಸಿ ಗ್ಯಾಸಾಗದೆ, ಮನಿಕ್ಕಂಡಿವ್ನಿ. ಬರಮಣ್ಣ ಅವ್ರಲ್ಲ, ನಾನು ಯೋಳಿದ್ನೆಲ್ಲ ಡಾಕ್ಟ್ರಿಗೆ ಯೋಳ್ತಾರೆ. ನೀನ್ ಎದ್ರುಕೋಬ್ಯಾಡ."

ಫೋನಿಟ್ಟ ಮೇಲೆ ಮುನಿಯಣ್ಣ, "ನೀನಿಲ್ದಿದ್ರೆ ಇಲ್ಲಿ ನಾನು ಮೂಗ ಆಗೋಯ್ತಿದ್ದೆ ಕಣಣ್ಣ," ಅಂದ. ಅದಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಆಗಸ್ಟಿನ ಮೊದಲ ವಾರ ಒಂದು ಮಧ್ಯಾಹ್ನ ಉತ್ತರದ ಅಂಚಿನಲ್ಲಿ ಸೂರ್ಯ ಒಂದು ಗಂಟೆ ಕಾಣಿಸಿಕೊಂಡ. ಎಲ್ಲರೂ ಹೊರಗೆ ಓಡಿ ಕೂಗಾಡಿದರು. ಭರಮಪ್ಪ ಮುನಿಯಣ್ಣನಿಗೆ ಹೇಳಲೆಂದು ಒಳಗೆ ಬಂದ. ಅವನು ಬಾಗಿಲ ಕಡೆಗೇ ಮುಖ ತಿರುಗಿಸಿಕೊಂಡಿದ್ದ, ಉಸಿರಿರಲಿಲ್ಲ.

ಹಲಗೆಯ ಪೆಟ್ಟಿಗೆ ಮಾಡಿ, ಶೆಡ್ಡಿನ ಹಿಂದೆ ಮಂಜಿನಲ್ಲಿ ಇಟ್ಟರು. ಹಡಗು ಬರುವ ತನಕ ಅಲ್ಲೇ. ಭರಮಪ್ಪ ದಿನಕ್ಕೆ ನಾಲ್ಕು ಸಲ ಅದನ್ನು ದಾಟಿ ಹೋಗಿ ಬಂದ. ಅಲ್ಲಿಂದ ಮುಂದೆ ಅವನ ಜೊತೆ ಕನ್ನಡ ಮಾತಾಡಲು ತಿಂಗಳಿಗೆ ಮೂರು ನಿಮಿಷ ಮಹಾದೇವಿ ಬಿಟ್ಟರೆ ಯಾರೂ ಇರಲಿಲ್ಲ. ಅವಳು "ಆರಾಮ ಅದೀರೇನ್ರೀ?" ಎನ್ನುವಳು, ಇವನು "ಆರಾಮ" ಎನ್ನುವನು, ಅಷ್ಟಕ್ಕೆ ಇಬ್ಬರೂ ಸುಮ್ಮನಾಗಿ ಫೋನಿನ ಗೊರಗೊರ ಸದ್ದು ಕೇಳುತ್ತ ಸಮಯ ಮುಗಿಸುವರು. ಹಿಂದಿಯಲ್ಲಿ ಅವನಿಗೆ ಕೆಲಸದ ಮಾತು ಬರುತ್ತಿತ್ತು, ನೋಯುವ ಮಾತು ಬರುತ್ತಿರಲಿಲ್ಲ. ಕೊನೆಕೊನೆಗೆ ಅವನು ಜನರೇಟರುಗಳಿಗೆ ಕನ್ನಡದಲ್ಲಿ ಬೈಯತೊಡಗಿದ. ಸೀಲು ಹೋದ ಆ ಎರಡನೆಯದಕ್ಕೆ ಜಾಸ್ತಿ ಬೈದ. ಕನ್ನಡ ತಿಳಿದಿದ್ದ ಒಬ್ಬನೇ ಒಬ್ಬನನ್ನು ತಾನೇ ಕಳೆದುಕೊಂಡೆ ಎಂಬುದನ್ನು ಅವನು ಒಂದು ದಿನವೂ ಮರೆಯಲಿಲ್ಲ.

1995ರ ಮಾರ್ಚಿ ಕೊನೆಗೆ ಹಡಗು ಗೋವಾ ಮುಟ್ಟಿತು. ಪೆಟ್ಟಿಗೆಯನ್ನು ಅದೇ ದಿನ ವ್ಯಾನಿನಲ್ಲಿ ಊರಿಗೆ ಕಳಿಸಿದರು. ಭರಮಪ್ಪ ಯಂತ್ರದ ಕಾಗದಪತ್ರದ ನೆಪದಲ್ಲಿ ನಾಲ್ಕು ದಿನ ಅಲ್ಲೇ ಉಳಿದ. ಬಾಗಲಗುಂಟೆಗೆ ಬಂದ ಮೇಲೂ ಎರಡು ವಾರ ಪಟ್ಟಂದೂರಿನ ಕಡೆ ತಲೆ ಹಾಕಲಿಲ್ಲ. ಮಹಾದೇವಿ ಕೇಳಿದರೆ ಸುಸ್ತು ಅಂದ. ಕೊನೆಗೆ ಬಸಕ್ಕನೇ ಕಾರ್ಖಾನೆಗೆ ಫೋನು ಮಾಡಿಸಿದಳು. "ಒಂದ್ಸಲಿ ಬಂದೋಗಿ ಅಣ್ಣ. ಅವ್ರ್ ಕಡೇ ದಿನ ಕಂಡೋರು ನೀವೊಬ್ರೇಯ."

ಭಾನುವಾರ ಮೆಜೆಸ್ಟಿಕ್‌ಗೆ ಬಂದು ಬಸ್ಸು ಬದಲಿಸಿ ಹೋದ. ಊರಿನ ಪಕ್ಕದ ಬಯಲಿನಲ್ಲಿ ದೊಡ್ಡ ದೊಡ್ಡ ಕ್ರೇನುಗಳು ನಿಂತು ಯಾವುದೋ ಗಾಜಿನ ಕಟ್ಟಡ ಏಳಿಸುತ್ತಿದ್ದವು. ಮುನಿಯಣ್ಣನ ಅಪ್ಪ ಗೋಪಾಲಪ್ಪ ಬೀದಿಗೇ ಬಂದು ಕಾಯುತ್ತಿದ್ದ. ಎಪ್ಪತ್ತೈದು ದಾಟಿದ ಮುದುಕ, ಭರಮಪ್ಪನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ನನ್ ಮಗುಂಗೆ ಮುದ್ದೆ ತಿನ್ಸಿದ್ ಕೈ ಕಣ್ರಪ್ಪ ಇವು," ಎಂದು ಅಕ್ಕಪಕ್ಕದವರಿಗೆಲ್ಲ ತೋರಿಸಿದ. ಭರಮಪ್ಪನ ಆರೈಕೆಯನ್ನು ಹೊಗಳಿ ಶಿಬಿರದ ಮುಖ್ಯಸ್ಥರು ಬರೆದಿದ್ದ ಕಾಗದ ಅವರಿಗೆಲ್ಲ ಬಾಯಿಪಾಠವಾಗಿತ್ತು. ಭರಮಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಊಟವಾಯಿತು. ಗೋಪಾಲಪ್ಪ ಎಲೆ ಅಡಿಕೆ ತರಲು ಹೊರಗೆ ಹೋದ. ಬಸಕ್ಕ ಗೋಡೆಗೆ ಒರಗಿ ಕೂತಳು.

"ಒಂದ್ ಸಮಾಧಾನ ಅಣ್ಣ. ಗೊತ್ತಿಲ್ದಿದ್ ಜಾಗದಾಗೆ, ಬಾಸೆ ಬರ್ದೇ ಇರೋ ಜನದ್ ಮದ್ಯದಾಗೆ, ಅವ್ರ್ ನೋವು ಕೇಳಕ್ಕೆ ನೀವಾದ್ರೂ ಇದ್ರಲ್ಲ."

ಇನ್ನು ತಡೆಯಲಾಗಲಿಲ್ಲ. ಭರಮಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಎದೆಯ ಮೇಲೆ ಯಾರೋ ಕೂತಂತೆ ಎಂದದ್ದು, ಎಡಗೈ ಸೆಳೆಯುತ್ತದೆ ಎಂದದ್ದು, ಡಾಕ್ಟರು ಅದನ್ನೇ ಕೇಳಿದ್ದು, ತಾನು ಇಲ್ಲ ಎಂದದ್ದು. ಎರಡನೆಯ ಸಲವೂ ಇಲ್ಲ ಎಂದದ್ದು. ಎಣ್ಣೆ ಸೋರುತ್ತಿತ್ತು ಎಂಬುದನ್ನೂ ಹೇಳಲು ಹೋದ, ನಾಚಿಕೆಯಾಗಿ ನಡುವೆಯೇ ಬಿಟ್ಟ. "ನಂದಽ ತಪ್ಪು ತಂಗೀ," ಅಂದ.

ಬಸಕ್ಕ ಅಳಲಿಲ್ಲ. ಹೊರಗೆ ಕ್ರೇನಿನ ಸದ್ದು, ಮಕ್ಕಳ ಸದ್ದು.

"ಡಾಕ್ಟ್ರಿಗೆ ಅರ್ತ ಆಗ್ನಿಲ್ಲ, ಸರಿ. ಅವ್ರು ಬ್ಯಾರೆ ದೇಸದೋರು. ನಿಮ್ಗೆ ಅರ್ತ ಆಗಿತ್ತಲ್ಲಣ್ಣ."

ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಇದ್ನ ನಮ್ ಮಾವುಂಗೆ ಯೋಳ್ಬ್ಯಾಡಿ. ಮಗ ಒಬ್ನೇ ಸಾಯ್ನಿಲ್ಲ, ನಮ್ಮೋರೊಬ್ರು ಜೊತ್ಯಾಗಿದ್ರು ಅನ್ಕಂಡು ಆ ಮುದ್ಕ ದಿನಾ ಮನಿಕ್ಕಂತದೆ. ಅದೊಂದು ಇರ್ಲಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೆ ನೀವು ಇನ್ನೊಂದ್ಸಲಿ ಬರ್ಬ್ಯಾಡಿ. ನಂಗೆ ನಿಮ್ ಮಕ ನೋಡಾಕಾಗಕಿಲ್ಲ."

ಅಷ್ಟರಲ್ಲಿ ಗೋಪಾಲಪ್ಪ ಎಲೆ ಅಡಿಕೆಯ ತಟ್ಟೆ ಹಿಡಿದು ಬಂದ. ಬಸಕ್ಕ ಎದ್ದು ಒಳಗೆ ಹೋದಳು. ಮುದುಕ ಕುಂದಲಹಳ್ಳಿ ಗೇಟಿನವರೆಗೂ ನಡೆದು ಬಂದು, ದಾರಿಯಲ್ಲಿ ಸಿಕ್ಕವರಿಗೆಲ್ಲ ಇವರೇ ನಮ್ಮ ಮುನಿಯನ ಜೊತೆ ಇದ್ದವರು ಎಂದು ಹೇಳಿದ. ಭರಮಪ್ಪ ಎಲ್ಲರಿಗೂ ಕೈ ಮುಗಿದ. ಬಸ್ಸು ಬಂದಾಗ ಮುದುಕ ಅವನ ತೋಳು ಬಿಡಲಿಲ್ಲ.

"ಮಾಲಯ ಅಮಾಸೆಗೆ ಮುನಿಯುಂಗೆ ಎಡೆ ಇಕ್ತೀವಿ. ನೀವು ಬರ್ದಿದ್ರೆ ಆಗಕಿಲ್ಲ. ಬತ್ತೀರಲ್ಲ?"

"ಬರ್ತೇನ್ರೀ, ಯಜಮಾನ್ರ," ಅಂದ ಭರಮಪ್ಪ. ಗೊತ್ತಿದ್ದೂ ಆಡಿದ ಇನ್ನೊಂದು ಸುಳ್ಳು. ಈ ಸಲ ಅದನ್ನು ಆಡಿಸಿದವಳು ಬಸಕ್ಕ.

ಅವನು ಹೋಗಲಿಲ್ಲ. ಆ ವರ್ಷವೂ ಇಲ್ಲ, ಮುಂದೆಯೂ ಇಲ್ಲ. ಮಹಾದೇವಿಗೂ ಹೇಳಲಿಲ್ಲ. ಶಾಪಿನಲ್ಲಿ ಯಾರಾದರೂ ಎದೆ ಉಜ್ಜಿಕೊಂಡರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಬೈದಾದರೂ ಸರಿ, ಆಸ್ಪತ್ರೆಗೆ ಅಟ್ಟುತ್ತಿದ್ದ. ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದ ಮೇಲೆ ಭರಮಪ್ಪನ ತಲೆ ಸ್ವಲ್ಪ ಕೆಟ್ಟಿದೆ ಎಂದು ಅವರು ಹಿಂದಿನಿಂದ ನಕ್ಕರು.

1999ರಲ್ಲಿ ಕುಂದಲಹಳ್ಳಿಯ ಫಿಟ್ಟರ್ ಒಬ್ಬ ಅವರ ಶಾಪಿಗೆ ಸೇರಿದ. ಭರಮಪ್ಪನ ಹೆಸರು ಕೇಳಿ, ನೀವೇನಾ ಅವರು ಎಂದು ಬೆರಗಾದ. ಗೋಪಾಲಪ್ಪ ಈಗಲೂ ಇದ್ದಾನಂತೆ, ಕಣ್ಣು ಮಂದವಾಗಿದೆಯಂತೆ. ಪ್ರತಿ ಮಹಾಲಯ ಅಮಾವಾಸ್ಯೆಗೆ, ಕೆಲಸದಲ್ಲಿ ತಡವಾಗಿರಬೇಕು, ಬಂದೇ ಬರುತ್ತಾರೆ ಎಂದು ಹೇಳಿ ಭರಮಪ್ಪನಿಗೊಂದು ಎಲೆ ಹಾಕಿಸುತ್ತಾನಂತೆ.

"ಬಸಕ್ಕ ಏನಂತಾಳ?" ಎಂದು ಭರಮಪ್ಪ ಕೇಳಿದ.

"ಅವ್ರೇನಂತಾರೆ ಸಾರ್. ಸುಮ್ನೆ ಆ ಎಲೆಗೂ ಬಡುಸ್ತಾರೆ."